ಕಾಗುಣಿತ ತಪ್ಪಿದವರೂ ಕನ್ನಡಿಗರೇ

ಎರಡು ವರ್ಷಗಳ ಹಿಂದಿನ ನವೆಂಬರಿನಲ್ಲಿ ನಮ್ಮೂರಿನ ಸಂಘವೊಂದು ರಾಜ್ಯೋತ್ಸವದ ಅಂಗವಾಗಿ ಶಾಲಾ ಮಕ್ಕಳಿಗೆ ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಿತ್ತು. ಸಂಘದ ಹೆಸರು ಇಲ್ಲಿ ಬೇಡ. ನಾನೂ ಅದರ ಸದಸ್ಯನೇ, ನಾಳೆಯೂ ಅವರ ಮುಖ ನೋಡಬೇಕಾದವನು. ವಿಷಯ 'ನಮ್ಮ ಮನೆಯ ನೀರು' ಎಂಬುದಾಗಿತ್ತು. ಆಗ ಐದನೆಯ ತರಗತಿಯಲ್ಲಿದ್ದ ನನ್ನ ಮಗಳು ಒಂದೂವರೆ ಪುಟ ಬರೆದಿದ್ದಳು. ಬಹುಮಾನ ವಿತರಣೆಯ ದಿನ ತೀರ್ಪುಗಾರರಾದ ಹಿರಿಯರೊಬ್ಬರು ಮಾತನಾಡುತ್ತಾ, ಯಾರದ್ದೆಂದು ಹೇಳದೆ, ಒಂದು ಪ್ರಬಂಧದ ಮೂರು ಸಾಲುಗಳನ್ನು ಧ್ವನಿವರ್ಧಕದಲ್ಲಿ ಓದಿದರು. ಬಿಟ್ಟ ಒತ್ತು ಬಿಟ್ಟಂತೆ, ಅದಲುಬದಲಾದ ಅಕ್ಷರ ಅದಲುಬದಲಾದಂತೆ, ಬರೆದದ್ದನ್ನು ಬರೆದಂತೆಯೇ ಓದಿ, "ಕನ್ನಡವನ್ನು ಉಳಿಸಬೇಕಾದ ನೆಲದಲ್ಲಿ ಕನ್ನಡದ ಗತಿ ಇದು" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಅದು ನನ್ನ ಮಗಳ ಬರಹವೆಂದು ನನಗೆ ಗೊತ್ತಾದದ್ದು ಅವಳು ನನ್ನ ಕೈ ಬಿಟ್ಟಾಗ.

ಮನೆಗೆ ಬರುವ ಬಸ್ಸಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: ಇನ್ನು ನನಗೆ ಕನ್ನಡ ಬೇಡ. ಅದನ್ನು ಅವಳು ಹೇಳಿದ್ದು ಮಲಯಾಳದಲ್ಲಿ.

ಗಡಿನಾಡಿನ ಓದುಗರೇ, ನಾವು ಹೊರಗಿನವರ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದ್ದು, ಚಂದ್ರಗಿರಿಯಿಂದ ಉತ್ತರದ ನೆಲ ಮೈಸೂರಿಗೆ ಹೋಗಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು, ಹೇಳಿದ್ದು ಕಡತದಲ್ಲೇ ಉಳಿದದ್ದು, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸಿದ್ದು, ಎಲ್ಲವನ್ನೂ ಬರೆದಿದ್ದೇವೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾಯಿದೆ ಬಂದಾಗ ಒಂದು ದಿನದ ರಜೆ ಹಾಕಿ ಫಲಕ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಆ ಹೋರಾಟವನ್ನು ನಾನು ಹಗುರ ಮಾಡುತ್ತಿಲ್ಲ, ಇಂದು ಕರೆದರೂ ಹೋಗುವೆ. ಆದರೆ ನನ್ನ ಮಗಳ ಬಾಯಿಯಿಂದ 'ಕನ್ನಡ ಬೇಡ' ಎಂಬ ಮಾತನ್ನು ಹೊರಡಿಸಿದ್ದು ತಿರುವನಂತಪುರದ ಯಾವ ಕಾಯಿದೆಯೂ ಅಲ್ಲ. ಅದನ್ನು ಹೊರಡಿಸಿದವರು ನಾವು, ಶಾಲು ಹೊದೆದು ವೇದಿಕೆಯ ಮೇಲೆ ಕುಳಿತವರು, ಕೆಳಗೆ ಕುರ್ಚಿಯಲ್ಲಿ ಕುಳಿತು ನಕ್ಕವರು.

ಅವಳಿಗೆ ಇರುವುದು ಡಿಸ್ಲೆಕ್ಸಿಯ. ಅದು ತಿಳಿಯುವ ಮೊದಲು ನಾವು ಮಾಡದ ಪ್ರಯೋಗವಿಲ್ಲ. ಕಣ್ಣಿನ ಡಾಕ್ಟರರ ಬಳಿ ಹೋದೆವು, ಕಣ್ಣು ಸರಿಯಿತ್ತು. ಸಾರಸ್ವತಾರಿಷ್ಟ ಕುಡಿಸಿದೆವು, ಬಾಟಲಿ ಖಾಲಿಯಾಯಿತು. ಪ್ರತಿದಿನ ಹತ್ತು ಸಾಲು ಕಾಪಿ ಬರೆಸಿದೆವು. ಹತ್ತನೆಯ ಸಾಲಿನಲ್ಲಿ ಅವಳು ಒಂದನೆಯ ಸಾಲಿಗಿಂತ ಹೆಚ್ಚು ತಪ್ಪುತ್ತಿದ್ದಳು, ಏಕೆಂದರೆ ಅಷ್ಟರಲ್ಲಿ ದಣಿದಿರುತ್ತಿದ್ದಳು. ನೆರೆಯವರು ತಗ್ಗಿದ ಸ್ವರದಲ್ಲಿ, ನಿಮ್ಮ ತೋಟ ಗೇರು ಪ್ಲಾಂಟೇಶನಿಗೆ ಹತ್ತಿರವೋ ಎಂದು ಕೇಳಿದರು. ನಮ್ಮ ತಾಲೂಕಿನಲ್ಲಿ ಮಗುವಿಗೆ ಏನಾದರೂ ಮೊದಲು ಬರುವುದು ಆ ಪ್ರಶ್ನೆ, ಕೇಳಿದವರ ತಪ್ಪಲ್ಲ. ಎಂಡೋಸಲ್ಫಾನ್ ಕಂಡ ಜನ ನಾವು. ಆದರೆ ಇದು ಅದಲ್ಲ.

ಈ ತೊಡಕು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 'ತಾರೇ ಜಮೀನ್ ಪರ್' ಸಿನೆಮಾ 2007ರಲ್ಲಿ ಬಂದ ಮೇಲೆ ನಮಗೆ ಹೆಸರು ಗೊತ್ತಾಯಿತು, ಅಷ್ಟೇ. ಜರ್ಮನಿಯ ನೇತ್ರತಜ್ಞ ರುಡಾಲ್ಫ್ ಬರ್ಲಿನ್ ಈ ಶಬ್ದವನ್ನು ಬಳಕೆಗೆ ತಂದದ್ದು 1880ರ ದಶಕದಲ್ಲಿ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಚುರುಕು, ಲೆಕ್ಕದಲ್ಲಿ ತೊಂದರೆಯಿಲ್ಲ, ಓದಲು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಅವನಷ್ಟು ಜಾಣ ಶಾಲೆಯಲ್ಲೇ ಇರಲಾರ ಎಂಬುದು ಅವನ ಅಧ್ಯಾಪಕರ ಅಭಿಪ್ರಾಯವಾಗಿತ್ತಂತೆ. ನೂರಮೂವತ್ತು ವರ್ಷಗಳ ಹಿಂದೆ ಒಬ್ಬ ಶಾಲಾಮಾಸ್ತರರಿಗೆ ಹೊಳೆದದ್ದು ನಮ್ಮ ತೀರ್ಪುಗಾರರಿಗೆ ಇನ್ನೂ ಹೊಳೆದಿಲ್ಲ. ಅಕ್ಷರ ತಿರುಗಿ ಕಾಣುತ್ತದೆ ಎಂಬ ಜನಜನಿತ ನಂಬಿಕೆಯೂ ಪೂರ್ತಿ ಸರಿಯಲ್ಲ. ಬಹುತೇಕ ಮಕ್ಕಳಲ್ಲಿ ಮೂಲ ತೊಡಕು ಕಣ್ಣಿನದ್ದಲ್ಲ, ಕೇಳಿದ ಶಬ್ದವನ್ನು ಚಿಕ್ಕ ಚಿಕ್ಕ ಧ್ವನಿಗಳಾಗಿ ಒಡೆದು ಅದಕ್ಕೆ ಅಕ್ಷರವನ್ನು ಜೋಡಿಸುವಲ್ಲಿನದ್ದು. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಸೋಮಾರಿತನಕ್ಕಂತೂ ಇಲ್ಲವೇ ಇಲ್ಲ.

ಇಂಥ ಮಗುವಿನ ಮುಂದೆ ನಮ್ಮ ಲಿಪಿಯನ್ನೊಮ್ಮೆ ಇಟ್ಟು ನೋಡಿ. 'ಅಕ್ಕ' ಎನ್ನುವಾಗ ಎರಡನೆಯ ಕಕಾರ ಅಡಿಯಲ್ಲಿ ಕುಳಿತಿದೆ. ಸರಿ, ಮೇಲಿನದ್ದು ಮೊದಲು, ಕೆಳಗಿನದ್ದು ಅನಂತರ. ಆದರೆ 'ಸೂರ್ಯ' ಎನ್ನುವಾಗ ನಾಲಿಗೆ ಮೊದಲು ಹೇಳುವ ರಕಾರವನ್ನು ಕೈ ಕೊನೆಗೆ ಬರೆಯಬೇಕು. ಅವಳು 'ಸೂಯರ' ಎಂದು ಓದುತ್ತಿದ್ದಳು. ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದ್ದಳು, ಅಷ್ಟೇ ಅವಳ ಅಪರಾಧ. ಪಕ್ಕದ ಪುಸ್ತಕ ಮಲಯಾಳ. ಕನ್ನಡದಲ್ಲಿ ತಲೆಯ ಮೇಲೆ ಬರುವ ಎಕಾರದ ಚಿಹ್ನೆ ಅಲ್ಲಿ ವ್ಯಂಜನದ ಎಡಕ್ಕೆ, ಅಂದರೆ ಮೊದಲೇ, ಬಂದು ನಿಂತಿರುತ್ತದೆ. ಹಿಂದಿಯ ಹ್ರಸ್ವ ಇಕಾರವೂ ಹಾಗೆಯೇ ಎಡಕ್ಕೆ. ಇಂಗ್ಲಿಷಿನಲ್ಲಿ ಬರೆಯುವುದೇ ಒಂದು, ಓದುವುದೇ ಇನ್ನೊಂದು. ಗಡಿನಾಡಿನ ಮಗು ಒಂದೇ ಚೀಲದಲ್ಲಿ ನಾಲ್ಕು ಬಗೆಯ ಸಂಚಾರ ನಿಯಮಗಳನ್ನು ಹೊತ್ತು ಶಾಲೆಗೆ ಹೋಗುತ್ತದೆ. ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಮ್ಮ ಅಕ್ಷರಸಮೂಹ ಕೈವಶವಾಗಲು ಇಂಗ್ಲಿಷಿನ 26 ಅಕ್ಷರಗಳಿಗಿಂತ ಎಷ್ಟೋ ದೀರ್ಘಕಾಲ, ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ, ಬೇಕು. ಇದು ಯಾವ ತೊಡಕೂ ಇಲ್ಲದ ಮಕ್ಕಳ ಮಾತು.

ಇನ್ನು ನಮಗೆ ಸಿಕ್ಕಿದ ಉಪದೇಶ. ಪೇಟೆಯ ತಜ್ಞರೊಬ್ಬರು ಅವಳನ್ನು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಪರೀಕ್ಷಿಸಿದರು, ಅವಳು ಓದುವ ಮಾಧ್ಯಮವಾದ ಕನ್ನಡದಲ್ಲಿ ಪರೀಕ್ಷಿಸಲಿಲ್ಲ. ಕೊನೆಗೆ, ಭಾಷೆಗಳು ಹೆಚ್ಚಾಗಿವೆ, ಕನ್ನಡವನ್ನು ಬಿಡಿಸಿಬಿಡಿ, ಮನೆಯಲ್ಲೂ ಒಂದೇ ಭಾಷೆ ಇರಲಿ ಎಂದರು. ಶಾಲೆಯಲ್ಲೂ ಅದೇ ಮಾತು: ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ. ನನ್ನ ಹೆಂಡತಿ ಒಪ್ಪಿದಳು, ನಾನು ಒಪ್ಪುವ ಅಂಚಿನಲ್ಲಿದ್ದೆ. ಮಗುವಿನ ಭವಿಷ್ಯ ಒಂದು ಕಡೆ, ನಮ್ಮ ಭಾಷಾಭಿಮಾನ ಒಂದು ಕಡೆ ಎಂದು ತಕ್ಕಡಿ ಹಿಡಿದರೆ ಯಾವ ತಂದೆ ಏನು ಮಾಡಿಯಾನು?

ಆ ತಕ್ಕಡಿಯೇ ಸುಳ್ಳು ಎಂಬುದು ಅನಂತರ ಮಂಗಳೂರಿನಲ್ಲಿ ಕನ್ನಡ ಬಲ್ಲ ತಜ್ಞೆಯೊಬ್ಬರನ್ನು ಕಂಡಾಗ ತಿಳಿಯಿತು. ಭಾಷೆಗಳು ಹೆಚ್ಚಾದುದರಿಂದ ಡಿಸ್ಲೆಕ್ಸಿಯ ಬರುವುದಿಲ್ಲ, ಒಂದನ್ನು ಕಿತ್ತರೆ ಹೋಗುವುದೂ ಇಲ್ಲ. ಮಗುವಿಗೆ ಚೆನ್ನಾಗಿ ಮಾತನಾಡಲು ಬರುವ ಭಾಷೆಯೇ ಓದು ಕಲಿಯಲು ಇರುವ ಆಸರೆ. ಅದನ್ನೇ ಕಿತ್ತರೆ ಮತ್ತೇನು ಉಳಿಯಿತು? ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದವರು ಭಾರತೀಯ ಭಾಷೆಗಳ ಮಕ್ಕಳಿಗೆಂದೇ ಸಿದ್ಧಪಡಿಸಿದ ಡಾಲಿ ಎಂಬ ಪರೀಕ್ಷಾ ಸಾಧನ 2015ರಲ್ಲಿ ಹೊರಬಂದಾಗ ಮೊದಲ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಉಳಿದವು ಹಿಂದಿ, ಮರಾಠಿ, ಇಂಗ್ಲಿಷ್. ಸಾಧನ ಉಂಟು, ಗಡಿ ದಾಟಿ ಹೋದರೆ ಸಿಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಡಿಸ್ಲೆಕ್ಸಿಯವನ್ನು ಸೇರಿಸಿಕೊಂಡಿದೆ. 1995ರ ಹಳೆಯ ಕಾಯಿದೆಯ ಪಟ್ಟಿಯಲ್ಲಿ ಅದು ಇರಲಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವೆಲ್ಲ 17ನೆಯ ಪ್ರಕರಣದಲ್ಲಿವೆ. ಒಳ್ಳೆಯ ಕಾಯಿದೆ. ಆದರೆ ವಿನಾಯಿತಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಡೆ ಎಲ್ಲರ ಕಣ್ಣು ಹೋಗುವುದು ಕನ್ನಡದ ಮೇಲೆ. ಮಗುವಿನ ಹೊರೆ ಇಳಿಸುವ ಹೆಸರಿನಲ್ಲಿ ಮೊದಲು ಕೆಳಗಿಡುವುದು ಅದರ ತಾಯಿನುಡಿಯನ್ನು. ಸಂವಿಧಾನದ 350ಎ ವಿಧಿಯನ್ನು ಭಾಷಣಗಳಲ್ಲಿ ಉದ್ಧರಿಸುವ ನಮ್ಮ ಸಂಘಗಳು ಈ ಬಗ್ಗೆ ಒಂದು ಮನವಿಯನ್ನಾದರೂ ಕೊಟ್ಟದ್ದನ್ನು ನಾನು ಕಾಣೆ.

ಇಲ್ಲಿಗೆ ದೂರು ಸಾಕು. ನಾವು ಮಾಡಿದ ಒಂದು ಕೆಲಸವನ್ನು ಹೇಳುತ್ತೇನೆ.

ಕೇರಳದ ಶಾಲೆಗಳ ಮಾಹಿತಿಗಾಗಿ 2009ರಲ್ಲಿ ಆರಂಭವಾದ ಸ್ಕೂಲ್ ವಿಕಿ ಎಂಬುದೊಂದಿದೆ, ಮಲಯಾಳದಲ್ಲಿ. ಶಾಲೆಯ ಕಂಪ್ಯೂಟರ್ ತರಗತಿಯಲ್ಲಿ ಅದನ್ನು ಕಂಡು ಬಂದವಳು ನನ್ನನ್ನು ಕೇಳಿದಳು:

"ಅದನ್ನು ಬರೆಯುವುದು ಯಾರು?"

"ಟೀಚರುಗಳು, ಮಕ್ಕಳು, ಯಾರೂ."

"ತಪ್ಪಾದರೆ?"

"ಬೇರೊಬ್ಬರು ತಿದ್ದುತ್ತಾರೆ."

"ಬೈಯುವುದಿಲ್ಲವಾ?"

ಈ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಂಜಿನಿಯರಿಂಗ್ ಓದುವ ನೆರೆಮನೆಯ ಹುಡುಗನನ್ನು ಕರೆದು ವಿಚಾರಿಸಿದೆ. ವಿಕಿ ಎಂದರೆ ವಿಕಿಪೀಡಿಯ ಒಂದೇ ಅಲ್ಲ, ಅದಕ್ಕಿಂತ ಹಿಂದೆಯೇ, 1995ರ ಮಾರ್ಚಿನಲ್ಲಿ, ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದವರು ಮೊದಲನೆಯದನ್ನು ಮಾಡಿದರು ಎಂದು ಅವನು ಹೇಳಿದ. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಎತ್ತಿಕೊಂಡದ್ದಂತೆ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಡೋಕುವಿಕಿ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಟ್ಟ. ಪ್ರತಿಯೊಂದು ಪುಟವೂ ಒಂದು ಸಾದಾ ಕಡತ. ಮನೆಯ ವೈಫೈ ವ್ಯಾಪ್ತಿಯಲ್ಲಿರುವ ಯಾವ ಫೋನಿನಿಂದಲೂ ತೆರೆಯಬಹುದು, ತಿದ್ದಬಹುದು. ಹೊರಲೋಕಕ್ಕೆ ಕಾಣುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ವಿಷಯವನ್ನು ಆರಿಸಿದವಳು ಅವಳು. ಆ ದಿನ ವೇದಿಕೆಯಲ್ಲಿ ನಗೆಗೀಡಾದದ್ದನ್ನೇ ಆರಿಸಿದಳು: ನೀರು. ನಮ್ಮ ತೋಟಕ್ಕೆ ಈಗಲೂ ನೀರು ಬರುವುದು ಅವಳ ಮುತ್ತಜ್ಜನ ಕಾಲದ ಸುರಂಗದಿಂದ. ಮಲಯಾಳ ವಿಭಾಗವನ್ನು ಮಾತ್ರ ಓದುವ ದಕ್ಷಿಣದ ಗೆಳೆಯರಿಗೆ ಇದು ಗೊತ್ತಿರಲಾರದು, ಅಲ್ಲಿ ಯಾರಾದರೂ ಇದನ್ನು ಓದಿ ಹೇಳಿಯಾರು ಎಂಬ ನಂಬಿಕೆಯಿಂದ ಬರೆಯುತ್ತೇನೆ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ, ಒಬ್ಬ ಮನುಷ್ಯ ಹಿಡಿಸುವಷ್ಟೇ ಅಗಲಕ್ಕೆ, ಪಿಕ್ಕಾಸಿನಿಂದ ಕೊರೆದುಕೊಂಡು ಒಳಗೆ ಹೋಗುವುದು. ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಳಗೆ ಹೋಗುವವರು ದೀಪ ಹಿಡಿದಿರುತ್ತಿದ್ದರು. ಅದು ಬೆಳಕಿಗಷ್ಟೇ ಅಲ್ಲ, ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರಲಿಕ್ಕೆ. ಶ್ರೀಪಡ್ರೆಯವರಂಥವರು ದಶಕಗಳಿಂದ ಇವುಗಳ ಬಗ್ಗೆ ಬರೆಯುತ್ತಾ ಬಂದಿದ್ದಾರೆ, ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಹೊಸದು ಎಂದರೆ, ಇದನ್ನೆಲ್ಲ ಓದದೆಯೇ ನನ್ನ ಮಗಳಿಗೆ ಗೊತ್ತಿತ್ತು ಎಂಬುದು. ನನಗೆ ಗೊತ್ತಿರಲಿಲ್ಲ. ಉಪ್ಪಳಿಗೆ ಮರ ಇರುವಲ್ಲಿ ನೀರು ಹತ್ತಿರ ಎಂದು ಅಜ್ಜ ನಂಬಿದ್ದುದನ್ನು ಅಜ್ಜಿಯ ಬಾಯಿಯಿಂದ ಕೇಳಿ ನೆನಪಿಟ್ಟವಳು ಅವಳು. ನಾನು ಆ ವಯಸ್ಸಿನಲ್ಲಿ ಕಾಗುಣಿತ ಬಾಯಿಪಾಠ ಮಾಡುತ್ತಿದ್ದೆ.

ಕೆಲಸ ನಡೆಯುವುದು ಹೀಗೆ. ರಾತ್ರಿ ಊಟದ ಮೊದಲು ಅರ್ಧ ಗಂಟೆ. ಅವಳು ಫೋನಿಗೆ ಬಾಯಿಯಲ್ಲಿ ಹೇಳುತ್ತಾಳೆ, ಫೋನು ಬರೆದುಕೊಳ್ಳುತ್ತದೆ. 2017ರಿಂದ ಗೂಗಲ್‌ನವರ ಧ್ವನಿ ಬರವಣಿಗೆಗೆ ಕನ್ನಡವೂ ಮಲಯಾಳವೂ ಬರುತ್ತದೆ. ಆದರೆ ನಮ್ಮ ಕಾಸರಗೋಡಿನ ಕನ್ನಡ ಅದಕ್ಕೆ ಪಥ್ಯವಿಲ್ಲ. 'ಅಡ್ಕ' ಎಂದರೆ 'ಅಡಿಕೆ' ಎಂದು ಬರೆಯುತ್ತದೆ. ಅಡ್ಕದಲ್ಲಿ ಅಡಿಕೆ ಬೆಳೆಯುವುದಿಲ್ಲವಪ್ಪಾ ಎಂದು ಅಜ್ಜಿ ಫೋನಿಗೆ ಬುದ್ಧಿ ಹೇಳುತ್ತಾರೆ. ಬಂದ ಬರಹವನ್ನು ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ, ಅವಳು ಕಿವಿಯಿಂದ ತಪ್ಪು ಹಿಡಿಯುತ್ತಾಳೆ, ನಾನು ಕೀಲಿಮಣೆಯಲ್ಲಿ ತಿದ್ದುತ್ತೇನೆ. ಅಜ್ಜಿಗೆ ಸಹಿ ಹಾಕಲು ಮಾತ್ರ ಬರುತ್ತದೆ, ಆದರೆ ಅವರದ್ದೇ ಹೆಚ್ಚಿನ ಪುಟಗಳು. ಪ್ರತಿ ಪುಟದ ತಲೆಯಲ್ಲಿ ಮೂರು ಹೆಸರು: ಕನ್ನಡದ ಬಾವಿ, ತುಳುವಿನ ಗುವೆಲ್, ಮಲಯಾಳದ ಕಿಣರ್. ಕೆರೆ, ಕೆದು, ಕುಳಂ. ಸುರಂಗಕ್ಕೆ ಮಲಯಾಳದಲ್ಲಿ ತುರಂಗಂ. ಈ ಮಲಯಾಳ ಹೆಸರುಗಳನ್ನು ಸೇರಿಸುವವನು ಅವಳ ತರಗತಿಯ ಹುಡುಗ, ರಸ್ತೆಯ ಆಚೆ ಬದಿಯ ಮನೆಯವನು. ಅವನ ತಂದೆಯೂ ನಾನೂ 2017ರಲ್ಲಿ ಎದುರು ಬದುರು ಪಕ್ಷ. ಈಗ ಅವನು ನಮ್ಮ ಜಗಲಿಯಲ್ಲಿ ಕುಳಿತು ಕನ್ನಡ ಪುಟಕ್ಕೆ ಮಲಯಾಳ ಬರೆಯುತ್ತಾನೆ, ತಂದೆಯನ್ನು ಕೇಳಿ ಬರುತ್ತಾನೆ, ತಂದೆಗೆ ಗೊತ್ತಿಲ್ಲದಿದ್ದರೆ ತಂದೆ ಅವರ ತಾಯಿಯನ್ನು ಕೇಳುತ್ತಾರೆ.

ಪುಟದ ಮೇಲೆ 'ಹಳೆಯ ಆವೃತ್ತಿಗಳು' ಎಂಬ ಒಂದು ಗುಂಡಿ ಇದೆ. ಬ್ಯಾಂಕಿನ ನೌಕರನಾಗಿ ನನ್ನ ಮನಸ್ಸನ್ನು ಗೆದ್ದದ್ದು ಅದು. ನಾನು ಕೆಲಸಕ್ಕೆ ಸೇರಿದ್ದು ದಪ್ಪ ಲೆಡ್ಜರುಗಳ ಕೊನೆಯ ದಿನಗಳಲ್ಲಿ. ಮೊದಲ ದಿನವೇ ಹೆಡ್‌ಕ್ಲಾರ್ಕರು ಕಲಿಸಿದ್ದು: ತಪ್ಪು ನಮೂದಾದರೆ ಉಜ್ಜಬಾರದು, ಬ್ಲೇಡಿನಿಂದ ಕೆರೆಯಬಾರದು, ಮೇಲಿನಿಂದ ಮೇಲೆ ಬರೆಯಬಾರದು. ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಚುಟುಕು ಸಹಿ ಹಾಕಬೇಕು. ತಪ್ಪು ಕಾಣುತ್ತಿರಬೇಕು, ತಿದ್ದಿದವರು ಯಾರೆಂದೂ ಕಾಣುತ್ತಿರಬೇಕು. ನನ್ನ ಆ ಲೆಡ್ಜರುಗಳಲ್ಲಿ ಎಷ್ಟು ಗೆರೆಗಳಿದ್ದವೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಯಾರೂ ಅವನ್ನು ಧ್ವನಿವರ್ಧಕದಲ್ಲಿ ಓದಲಿಲ್ಲ. ಸಂಬಳ ಬಂದಿತು, ಬಡ್ತಿ ನಾನೇ ಬೇಡವೆಂದೆ. ದೊಡ್ಡವರ ಹಣದ ಲೆಕ್ಕದಲ್ಲಿ ಕ್ಷಮಿಸಬಹುದಾದ ತಪ್ಪನ್ನು ಹತ್ತು ವರ್ಷದ ಮಗುವಿನ ಒತ್ತಕ್ಷರದಲ್ಲಿ ಕ್ಷಮಿಸಲಾರೆವೇ? ವಿಕಿಯಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ, ಗಂಟೆ, ಹೆಸರಿನೊಡನೆ ಉಳಿಯುತ್ತದೆ. ಅವಳು ಒಂದು ದಿನ ಕುಳಿತು ಎಣಿಸಿದಳು: ಅಪ್ಪನ ಬೆರಳಚ್ಚಿನ ತಪ್ಪುಗಳು ಒಂದೇ ಪುಟದಲ್ಲಿ ಹದಿನೇಳು. ಆ ದಿನದ ಅವಳ ಸಂತೋಷವನ್ನು ನೀವು ನೋಡಬೇಕಿತ್ತು.

ಕಳೆದ ಮೇ ತಿಂಗಳ ರಜೆಯಲ್ಲಿ ನನ್ನ ಭಾವ ಬಂದಿದ್ದರು. ಬೆಂಗಳೂರಿನಲ್ಲಿ ಕನ್ನಡ ಉಪನ್ಯಾಸಕರು, ಒಳ್ಳೆಯ ಮನುಷ್ಯ, ಸೊಸೆಯ ಮೇಲೆ ಪ್ರಾಣ. ವಿಕಿ ನೋಡಿ ಸಂತೋಷಪಟ್ಟು, ಅವಳಿಗೆ ಅಚ್ಚರಿ ಉಂಟುಮಾಡೋಣವೆಂದು ಎರಡು ರಾತ್ರಿ ಕುಳಿತು ಎಲ್ಲ ಪುಟಗಳನ್ನೂ 'ಸರಿ' ಮಾಡಿದರು. ಗುವೆಲ್ ಹೋಯಿತು. 'ಕಟ್ಟ' ಎಂದಿದ್ದಲ್ಲೆಲ್ಲ 'ಅಣೆಕಟ್ಟು' ಬಂದಿತು. ಏತಡ್ಕದ ಕಡೆಯವರಿಗೆ ಗೊತ್ತು: ಮಳೆ ಬಿಟ್ಟ ಮೇಲೆ ತೋಡಿಗೆ ಅಡ್ಡಲಾಗಿ ಊರವರು ಸೇರಿ ಕಲ್ಲು ಮಣ್ಣಿನಿಂದ ಕಟ್ಟುವುದು ಕಟ್ಟ. ಅಣೆಕಟ್ಟು ಎಂದರೆ ಕನ್ನಂಬಾಡಿ. ಅಜ್ಜಿಯ ಮಾತುಗಳೆಲ್ಲ ಪಠ್ಯಪುಸ್ತಕದ ವಾಕ್ಯಗಳಾಗಿದ್ದವು. ಒಂದೇ ಒಂದು ಕಾಗುಣಿತ ದೋಷ ಉಳಿದಿರಲಿಲ್ಲ.

ಮರುದಿನ ಅವಳು ಫೋನಿನಿಂದ ಓದಿಸಿ ಕೇಳಿದಳು. ಎರಡು ವಾಕ್ಯ ಮುಗಿಯುವಷ್ಟರಲ್ಲಿ, "ಇದು ಅಜ್ಜಿ ಹೇಳಿದ್ದಲ್ಲ" ಎಂದಳು. ಓದಲಾರದ ಹುಡುಗಿ, ಕಿವಿಯಿಂದ ಶೈಲಿ ಹಿಡಿದಳು. ಅನಂತರ ಯಾರನ್ನೂ ಕೇಳದೆ ಹಳೆಯ ಆವೃತ್ತಿಗಳನ್ನು ತೆರೆದು, ದಿನಾಂಕ ನೋಡಿ, ಒಂದೊಂದೇ ಪುಟವನ್ನು ಹಿಂದಕ್ಕೆ ತಂದಳು. ಮೂರು ದಿನ ಹಿಡಿಯಿತು. ಕಾರಣ ಬರೆಯುವ ಜಾಗದಲ್ಲಿ ಪ್ರತಿ ಸಲವೂ ಸ್ವಂತ ಕೈಯಿಂದ ಒಂದು ಶಬ್ದ ಬರೆದಳು: 'ನಮದು'. ಒತ್ತು ಇಲ್ಲ. ನಾನು ಅದನ್ನು ತಿದ್ದಿಲ್ಲ. ಭಾವ ಮೊದಲು ಮುನಿಸಿಕೊಂಡರು, ಅನಂತರ ಗುವೆಲ್ ಎಂಬ ಶಬ್ದದ ಬಗ್ಗೆ ಒಂದು ಟಿಪ್ಪಣಿ ಸೇರಿಸಿ ಹೋದರು. ಆ ಟಿಪ್ಪಣಿಯನ್ನು ಅವಳು ಇಟ್ಟುಕೊಂಡಿದ್ದಾಳೆ.

ಇಷ್ಟನ್ನು ಹೇಳಿದರೆ ನಮ್ಮ ಹಿರಿಯರು ಏನೆನ್ನುವರೆಂದು ಬಲ್ಲೆ. ತಪ್ಪಿಗೆ ಹೀಗೆ ಸಲಿಗೆ ಕೊಟ್ಟರೆ ಭಾಷೆ ಕೆಡುವುದಿಲ್ಲವೇ? ಅದೂ ಗಡಿಯಲ್ಲಿ, ಸುತ್ತ ಮಲಯಾಳ ಇರುವಲ್ಲಿ? ಸ್ವಾಮೀ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಲು ರಾತ್ರಿಯಿಡೀ ಕುಳಿತ ನಾಡು ಇದು. ಅವರ ಕೈಬರಹ ಹೇಗಿತ್ತೆಂದು, ಒತ್ತು ದೀರ್ಘ ಸರಿಯಿತ್ತೇ ಎಂದು ಯಾರಾದರೂ ಕೇಳಿದ್ದುಂಟೇ? ತಾಳಮದ್ದಳೆಯಲ್ಲಿ ನಾಲಿಗೆಯ ಕನ್ನಡಕ್ಕೆ ಕೈಮುಗಿಯುವ ನಾವು ಮಕ್ಕಳ ಸ್ಪರ್ಧೆಗೆ ಬಂದೊಡನೆ ಕೆಂಪು ಶಾಯಿಯ ಪೆನ್ನು ತೆಗೆಯುತ್ತೇವೆ. ನಾನು ಕಾಗುಣಿತ ಬೇಡವೆನ್ನುತ್ತಿಲ್ಲ. ವಿಕಿಯಲ್ಲಿ ತಿದ್ದುವವರೇ ಹೆಚ್ಚು. ನಮ್ಮ ಪುಟಗಳು ನಿಮ್ಮ ಸಂಘದ ಆಮಂತ್ರಣ ಪತ್ರಿಕೆಗಿಂತ ಶುದ್ಧವಾಗಿವೆ, ಬೇಕಾದರೆ ಹೋಲಿಸಿ ನೋಡಿ. ಆದರೆ ಅಲ್ಲಿ ತಿದ್ದುವುದು ಬರೆದ ಮೇಲೆ. ನೀವು ಬರೆಯುವ ಮೊದಲೇ ತಿದ್ದಿ ಕಳುಹಿಸುತ್ತೀರಿ, ಮಗು ಬರೆಯುವುದನ್ನೇ ಬಿಡುತ್ತದೆ.

ಇನ್ನೊಂದು ಆಕ್ಷೇಪ ನನ್ನ ಹೆಂಡತಿಯದ್ದು, ಅದು ಹೆಚ್ಚು ಗಟ್ಟಿಯಾದದ್ದು: ಇದರಿಂದ ಅವಳಿಗೆ ಓದಲು ಬಂದಿತೇ? ಬರಲಿಲ್ಲ. ಸುಳ್ಳು ಹೇಳಲಾರೆ. ವಿಕಿ ಔಷಧಿಯಲ್ಲ. ಓದು ಸುಧಾರಿಸುತ್ತಿರುವುದು, ಅದೂ ಇಂಚಿಂಚಾಗಿ, ಮಂಗಳೂರಿನ ತಜ್ಞೆ ಹಾಕಿಕೊಟ್ಟ ಕ್ರಮದಿಂದ: ಒಂದೊಂದೇ ಧ್ವನಿ, ಒಂದೊಂದೇ ಅಕ್ಷರ, ಅಕ್ಕಿಯ ಮೇಲೆ ಬೆರಳಿನಿಂದ ಬರೆದು, ಬಾಯಿಂದ ಹೇಳಿ, ಗಟ್ಟಿಯಾದ ಮೇಲೆ ಮುಂದಿನದ್ದು. ಅರ್ಕಾವತ್ತಿಗೆ ಒಂದು ತಿಂಗಳು ಹಿಡಿಯಿತು. ಈಗ ಏಳನೆಯ ತರಗತಿ. ಒಂದು ಪುಟ ಓದಲು ಉಳಿದ ಮಕ್ಕಳಿಗಿಂತ ಮೂರು ಪಟ್ಟು ಹೊತ್ತು ಬೇಕು. ಅಂಕ ಹೇಳುವಂಥದ್ದೇನಲ್ಲ. ಪರೀಕ್ಷೆಗೆ ಬರೆದುಕೊಡಲು ಕನ್ನಡ ಬಲ್ಲ ಸಹಾಯಕರನ್ನು ಹುಡುಕುವುದೇ ಪ್ರತಿ ವರ್ಷದ ಪಾಡು. ಬದಲಾದದ್ದು ಇಷ್ಟೇ, ಬಸ್ಸಿನಲ್ಲಿ ಹೇಳಿದ ಮಾತನ್ನು ಅವಳು ಮತ್ತೆ ಹೇಳಿಲ್ಲ. ಹೆಂಡತಿ ಈಗ ವಿಕಿಗೆ ಬೈಯುವುದು ಊಟ ತಣ್ಣಗಾಗುವುದಕ್ಕೆ ಮಾತ್ರ.

ಸಂಘಕ್ಕೆ ನಾನು ಲಿಖಿತವಾಗಿ ಕೇಳಿಕೊಂಡಿದ್ದೇನೆ. ಪ್ರಬಂಧ ಸ್ಪರ್ಧೆಯಲ್ಲಿ ಬಾಯಿಯಿಂದ ಹೇಳಿ ಬರೆಸಲು ಅವಕಾಶ ಕೊಡಿ. ವಿಚಾರಕ್ಕೂ ಅಕ್ಷರಕ್ಕೂ ಬೇರೆ ಬೇರೆ ಅಂಕ ಇಡಿ. ಯಾವ ಮಗುವಿನ ಬರಹವನ್ನೂ ನಗೆಗೆಂದು ವೇದಿಕೆಯಲ್ಲಿ ಓದಬೇಡಿ. ಅಕ್ಷರ ತೊಡಕಿರುವ ಮಕ್ಕಳನ್ನು ಕನ್ನಡದಲ್ಲೇ ಪರೀಕ್ಷಿಸುವ ವ್ಯವಸ್ಥೆ ನಮ್ಮ ಜಿಲ್ಲೆಯಲ್ಲಿ ಆಗಬೇಕೆಂದು ಮುಂದಿನ ಮನವಿಪತ್ರದಲ್ಲಿ ಒಂದು ಸಾಲು ಸೇರಿಸಿ. ಅಧ್ಯಕ್ಷರು ಸಭೆಯಲ್ಲಿ ಇಡುತ್ತೇನೆ ಎಂದಿದ್ದಾರೆ. ಸಭೆ ಎರಡು ಸಲ ಮುಂದಕ್ಕೆ ಹೋಗಿದೆ, ಕೋರಂ ಇಲ್ಲದೆ. ಈ ಲೇಖನ ಅವರ ಕೈಗೂ ಬರುವುದರಿಂದ ಇಲ್ಲಿಯೂ ಬರೆದಿದ್ದೇನೆ.

ನಮ್ಮ ವಿಕಿಯಲ್ಲಿ ಈಗ ಅರುವತ್ತಕ್ಕೆ ಮಿಕ್ಕಿ ಪುಟಗಳಿವೆ. ಪಕ್ಕದ ಗ್ರಾಮದ ಕೆರೆಗಳ ಹೆಸರು ಗೊತ್ತಿರುವವರು ಯಾರೂ ಸಿಕ್ಕದೆ ಒಂದು ಪುಟ ಖಾಲಿ ಬಿದ್ದಿತ್ತು. ಮೊನ್ನೆ ಅವಳೇ ಹೇಳಿದಳು, "ಆ ದಿನ ಮೈಕಿನಲ್ಲಿ ಓದಿದ ಅಜ್ಜ ಇದ್ದಾರಲ್ಲ, ಅವರ ಊರು ಅದೇ ಅಲ್ಲವಾ? ಅವರಿಗೆ ಗೊತ್ತಿರಬಹುದು, ಕೇಳುವಾ." ಅವರ ನಂಬರು ನನ್ನಲ್ಲಿದೆ. ನಾನು ಇನ್ನೂ ಕರೆ ಮಾಡಿಲ್ಲ.